ಹಿರಿಯರು ಬಿಟ್ಟು ಬಂದ ಊರು: ಕಲಬುರಗಿ ಸೀಮೆಯಲ್ಲಿ ವಂಶಾವಳಿ ಹುಡುಕುವ ಬಗೆ

ಕಲಬುರಗಿ, ಬೀದರ್, ಯಾದಗಿರಿ ಹಳ್ಳಿಗಳಲ್ಲಿ ಮನೆತನದ ಮೂಲ ಕೇಳಿದರೆ ಹಿರಿಯರು ಮೊದಲು ಹೇಳುವ ಮಾತು ಹೆಚ್ಚಾಗಿ ಇದೇ: "ನಮ್ದು ಮೂಲ ಈ ಊರಲ್ಲ." ಯಾವ ಊರು ಎಂದು ಮುಂದೆ ಕೇಳಿದರೆ ಮಾತು ಮಸುಕಾಗುತ್ತದೆ. "ಉದಗೀರ ಕಡಿಂದ ಬಂದಾರಂತ", "ಭೀಮಾ ಹೊಳಿ ಆಚಿ ಇದ್ರಂತ", "ಬರ ಬಿದ್ದಾಗ ದನ ಹೊಡ್ಕೊಂಡು ಬಂದ್ರಂತ." ಜನ ಊರು ಬಿಟ್ಟದ್ದಕ್ಕೆ ಕಾರಣ ಹಲವು. 1876–78ರ ಧಾತು ಈಶ್ವರ ಬರ, ಜಾಗೀರದಾರರ ಚಾಕರಿ, ಮನೆ ಅಳಿಯತನ, 1874ರಲ್ಲಿ ತೆರೆದ ವಾಡಿ–ಸಿಕಂದರಾಬಾದ್ ರೈಲು ದಾರಿ, ಶಹಾಬಾದಿನ ಕಲ್ಲುಗಣಿ, ಕಲಬುರಗಿಯ ಎಂ.ಎಸ್.ಕೆ. ಮಿಲ್ಲು. 1947–48ರಲ್ಲಿ ನಿಜಾಮರ ಪರ ನಿಂತ ರಜಾಕಾರರ ಪಡೆಯ ಹಾವಳಿಗೆ ಹೆದರಿ ಸೊಲ್ಲಾಪುರ, ವಿಜಯಪುರದ ಕಡೆ ದಾಟಿದವರಿದ್ದಾರೆ. ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆಯ ನಂತರ ಹೈದರಾಬಾದಿಗೆ ಹೋದ ಮನೆಗಳೂ ಇವೆ. ಇಂಥವರ ಮೊಮ್ಮಕ್ಕಳು ವಂಶಾವಳಿ ಬರೆಸಿ ಅಚ್ಚು ಹಾಕಿಸಲು ಹೊರಟಾಗ, ವಲಸೆ ಬಂದ ಹಿರಿಯನ ತನಕ ಸರಾಗವಾಗಿ ಹೋಗುತ್ತಾರೆ. ಅವನ ಅಪ್ಪ ಯಾರು ಎಂಬಲ್ಲಿಗೆ ನಿಂತುಬಿಡುತ್ತಾರೆ.

ನಿಲ್ಲುವುದು ಏಕೆಂದರೆ, ಎಲ್ಲರೂ ಹೆಸರು ಹಿಡಿದು ಹುಡುಕುತ್ತಾರೆ. ನಮ್ಮ ದಾಖಲೆಗಳೋ ಊರಿನ ಮೇಲೆ ಜೋಡಿಸಿದವು. ಪಹಣಿ ಊರಿನ ಮೇಲಿದೆ, ಮನೆತನಗಳ ವಂಶ ಹಾಡುವ ಹೆಳವರ ಪುಸ್ತಕ ಮೂಲ ಊರಿನ ಮೇಲಿದೆ, ಕಾಶಿ–ಗಯಾದ ತೀರ್ಥಪುರೋಹಿತರಾದ ಪಂಡರ ವಹಿ, ಅಂದರೆ ಪುಸ್ತಕ, ಊರಿನ ಮೇಲಿದೆ. ಬಸಪ್ಪನ ಮಗ ಶರಣಪ್ಪ ಎಂದು ಹೇಳಿದರೆ ಯಾವ ಕಚೇರಿಯೂ ಕಡತ ತೆಗೆಯಲಾರದು. ಜನಗಣತಿಯ ಕಾಗದ ನೋಡಿದರಾಯಿತು ಎಂದು ಕೆಲವರು ಕೇಳುತ್ತಾರೆ. ಮನೆಮನೆಯ ವಿವರವನ್ನು 1948ರ ಜನಗಣತಿ ಕಾಯ್ದೆ ಗುಟ್ಟಾಗಿಡುತ್ತದೆ, ಆ ಬಾಗಿಲು ನಮಗೆ ತೆರೆಯುವುದಿಲ್ಲ. ಹಾಗಾಗಿ ಮೊದಲು ಸಿಗಬೇಕಾದದ್ದು ಬಿಟ್ಟು ಬಂದ ಊರಿನ ಹೆಸರು. ಆ ಹೆಸರು ಬಿಟ್ಟು ಬಂದ ಊರಿನಲ್ಲಿ ಸಿಗುವುದಿಲ್ಲ, ಬಂದು ನೆಲೆಸಿದ ಊರಿನ ಕಾಗದಗಳಲ್ಲೇ ಸಿಗುತ್ತದೆ. ಉದಗೀರಕ್ಕೆ ಬಸ್ಸು ಹತ್ತುವ ಮುಂಚೆ ನಮ್ಮ ಮನೆಯ ಟ್ರಂಕು ತೆರೆಯಬೇಕು.

ಮನೆಯೊಳಗಿನ ಸುಳಿವು

ಇಂದಿನಿಂದ ಹಿಂದಕ್ಕೆ ಒಂದೊಂದೇ ತಲೆ ಇಳಿಯುವುದು ಕ್ರಮ. ಪ್ರತಿಯೊಬ್ಬರಿಗೂ ಒಂದು ಹಾಳೆ ಇಟ್ಟು ಐದು ಸಂಗತಿ ಬರೆಯಿರಿ: ಹೆಸರು ಮತ್ತು ಅಡ್ಡಹೆಸರು, ತಂದೆ–ತಾಯಿ, ಇದ್ದ ಊರು, ಹೆಣ್ಣು ತಂದ ಮತ್ತು ಕೊಟ್ಟ ಊರು, ಅಂದಾಜು ಕಾಲ. ನಾಲ್ಕನೆಯದನ್ನು ಬಹಳ ಮಂದಿ ಬಿಡುತ್ತಾರೆ. ವಲಸೆ ಬಂದ ಮನೆತನ ಮೊದಲ ಒಂದೆರಡು ತಲೆಮಾರು ಹೆಣ್ಣು ತರುವುದು ಸಾಮಾನ್ಯವಾಗಿ ಹಳೆಯ ಊರಿನ ಸುತ್ತಿನಿಂದಲೇ. ಮುತ್ತಜ್ಜಿಯ ತವರು ಭಾಲ್ಕಿಯ ಹತ್ತಿರ, ಅವಳ ಅತ್ತೆಯ ತವರೂ ಭಾಲ್ಕಿಯ ಹತ್ತಿರ ಎಂದಾದರೆ, ಬಿಟ್ಟು ಬಂದ ಊರು ಆ ಸುತ್ತಿನಲ್ಲಿದೆ ಎಂದು ಹುಡುಕಲು ಹೊರಡಬಹುದು. ಅಜ್ಜಿಯರನ್ನು ಕೇಳದೆ ಬರೆದ ವಂಶಾವಳಿ ಈ ಸುಳಿವನ್ನು ಕಳೆದುಕೊಳ್ಳುತ್ತದೆ.

ಆಸ್ತಿ ಪಾಲಿನ ವಾಟಣಿ ಪತ್ರ, ಖರೀದಿ ಪತ್ರ, ಉರ್ದುವಿನ ಖರೀದಿ ಪತ್ರವಾದ ಬೈನಾಮಾ, ದತ್ತಕ ಪತ್ರ, ಶಾಲೆಯ ದಾಖಲಾತಿ ನಕಲು, ಹಳೆಯ ಲಗ್ನಪತ್ರಿಕೆ, ಪಂಚಾಂಗದ ಅಂಚಿನ ಬರಹ, ಇವೆಲ್ಲ ಕೆಲಸಕ್ಕೆ ಬರುತ್ತವೆ. ಅಟ್ಟದ ಮೇಲಿನ ಹಿತ್ತಾಳೆ ಕೊಡ, ತಾಮ್ರದ ಹಂಡೆಗಳನ್ನೂ ಇಳಿಸಿ. ಮದುವೆಯಲ್ಲಿ ಆಯೇರಿ ಮಾಡಿದವರ ಹೆಸರು, ಊರು, ಕೆಲವೊಮ್ಮೆ ವರ್ಷ ಚುಕ್ಕಿಯಲ್ಲಿ ಕೊರೆದಿರುತ್ತಾರೆ. ಹುಣಸೆಹಣ್ಣಿನಿಂದ ತೊಳೆದು ಓರೆ ಬೆಳಕಿನಲ್ಲಿ ಫೋಟೊ ತೆಗೆದರೆ ಓದಲು ಬರುತ್ತದೆ. ಜೋರಾಗಿ ತಿಕ್ಕಿದರೆ ಚುಕ್ಕಿ ಅಳಿಸಿಹೋಗುತ್ತದೆ.

ಪತ್ರಗಳಲ್ಲಿ ಕಣ್ಣಿಡಬೇಕಾದದ್ದು "ಸಾ॥" ಮತ್ತು "ಹಾ॥ವ॥" ಎಂಬ ಎರಡು ಸಂಕ್ಷೇಪಗಳ ಮೇಲೆ. ಮೊದಲನೆಯದು ಸಾಕಿನ, ಅಂದರೆ ವಾಸದ ಊರು. ಎರಡನೆಯದು ಹಾಲಿ ವಸ್ತಿ, ಅಂದರೆ ಈಗ ಇರುವ ಊರು. ಒಂದೇ ಹೆಸರಿನ ಮುಂದೆ ಇವೆರಡೂ ಇದ್ದು ಊರುಗಳು ಬೇರೆಯಾಗಿದ್ದರೆ, ಹುಡುಕುತ್ತಿದ್ದ ಊರು ಕೈಗೆ ಸಿಕ್ಕಂತೆ. ಸಾಕ್ಷಿದಾರರ ಹೆಸರುಗಳನ್ನೂ ಬಿಡಬೇಡಿ. ಪರಊರಿನ ಸಾಕ್ಷಿ ಬಹಳ ಸಲ ಬೀಗನೋ ದಾಯಾದಿಯೋ ಆಗಿರುತ್ತಾನೆ.

ಅಡ್ಡಹೆಸರಿನಲ್ಲಿ ಊರು ಅಡಗಿದ್ದರೆ ಅದನ್ನು ಸರಿಯಾಗಿ ಓದಬೇಕು. ಉದಗೀರದಲ್ಲೇ ಇರುವವನನ್ನು ಯಾರೂ ಉದಗೀರಕರ ಎನ್ನುವುದಿಲ್ಲ; ಉದಗೀರ ಬಿಟ್ಟು ಬೇರೆ ಊರಿಗೆ ಹೋದ ಮೇಲೆ ಆ ಊರಿನವರು ಇಡುವ ಹೆಸರು ಅದು. ಆದರೆ ಅದು ಕೊನೆಯ ನಿಲ್ದಾಣದ ಹೆಸರಷ್ಟೇ ಆಗಿರಬಹುದು, ಮೂಲವೇ ಎಂದು ಹೇಳಲಾಗದು. ಪಾಟೀಲ, ಕುಲಕರ್ಣಿ, ದೇಶಮುಖ, ಹಿರೇಮಠ, ಬಡಿಗೇರ, ತಳವಾರ ಇವು ಹುದ್ದೆ ಮತ್ತು ಕಸುಬಿನ ಹೆಸರುಗಳು. ಒಂದೇ ಅಡ್ಡಹೆಸರು ಎಂಬ ಕಾರಣಕ್ಕೆ ಇಬ್ಬರನ್ನು ಒಂದೇ ವಂಶಕ್ಕೆ ಕಟ್ಟಬಾರದು. ಮನೆದೇವರ ಸುಳಿವಿನಲ್ಲೂ ಇದೇ ಎಚ್ಚರ ಬೇಕು. ತುಳಜಾಪುರದ ಅಂಬಾಭವಾನಿ, ಮೈಲಾಪುರದ ಮೈಲಾರಲಿಂಗ, ಶ್ರೀಶೈಲದ ಮಲ್ಲಯ್ಯ, ಘತ್ತರಗಿಯ ಭಾಗಮ್ಮ ಸಾವಿರಾರು ಮನೆಗಳ ದೇವರು, ಅವರಿಂದ ಊರು ತಿಳಿಯದು. ಹೊರಗಿನವರು ಹೆಸರೇ ಕೇಳದ ಯಾವುದೋ ಸಣ್ಣ ಹಳ್ಳಿಯ ಹನುಮಪ್ಪನಿಗೋ ದುರ್ಗಮ್ಮನಿಗೋ ಮಕ್ಕಳ ಜವಳ ತೆಗೆಸಲು ನಿಮ್ಮ ಮನೆಯವರು ಹೋಗುತ್ತಿದ್ದರೆ, ಆ ಹಳ್ಳಿಗೆ ಒಮ್ಮೆ ಹೋಗಿ ಬರಲೇಬೇಕು.

ಊರಿನ ಹೆಸರು ಸಿಕ್ಕ ಮೇಲೂ ಅದು ಯಾವ ಊರು ಎಂಬ ಪ್ರಶ್ನೆ ಉಳಿಯುತ್ತದೆ. ಹುಮನಾಬಾದ್ ಸೀಮೆಯಲ್ಲಿ ಹಳ್ಳಿಖೇಡ (ಬಿ), ಹಳ್ಳಿಖೇಡ (ಕೆ) ಎಂದು ಎರಡಿವೆ. ಬಿ ಅಂದರೆ ಬುಜುರ್ಗ್, ದೊಡ್ಡದು. ಕೆ ಅಂದರೆ ಖುರ್ದ್, ಚಿಕ್ಕದು. ಹಳೆಯ ಪತ್ರಗಳಲ್ಲಿ ಈ ಬಾಲ ಬಿಟ್ಟು ಬರೆದಿರುವುದುಂಟು, ಆಗ ಎರಡೂ ಊರು ನೋಡಬೇಕು. ಬಸವಕಲ್ಯಾಣ ಹಳೆಯ ಕಾಗದಗಳಲ್ಲಿ ಬರೀ ಕಲ್ಯಾಣಿ.

ನಿಜಾಮರ ಕಾಲದ ಕಾಗದ

1948ರ ಸೆಪ್ಟೆಂಬರ್‌ವರೆಗೆ ಈ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನ. ಅದಕ್ಕೂ ಮುಂಚೆ ಸುರಪುರ ನಾಯಕರ ಸಂಸ್ಥಾನವಾಗಿತ್ತು; 1858ರ ನಂತರ ಬ್ರಿಟಿಷರ ವಶಕ್ಕೆ ಬಂದು 1860ರ ಒಪ್ಪಂದದಲ್ಲಿ ನಿಜಾಮರಿಗೆ ಹೋಯಿತು. ಯಾವ ಹಳ್ಳಿಯ ಕಾಗದ ಹುಡುಕುವುದಿದ್ದರೂ ಆ ಹಳ್ಳಿ ಯಾರದಾಗಿತ್ತು ಎಂದು ಮೊದಲು ಕೇಳಿ. ನೇರ ಸರಕಾರದ ದಿವಾನಿ ಹಳ್ಳಿಯೋ, ನಿಜಾಮರ ಖಾಸಗಿ ಸರ್ಫೆ ಖಾಸೋ, ದೊಡ್ಡ ಸರದಾರರ ಪಾಯ್ಗಾವೋ, ಕಲ್ಯಾಣಿ ನವಾಬರದಂಥ ಜಾಗೀರೋ? ದಿವಾನಿ ಹಳ್ಳಿಯ ಕಂದಾಯ ಕಾಗದ ಸರಕಾರದ ಕಚೇರಿಯಲ್ಲೇ ಬೆಳೆಯಿತು. ಜಾಗೀರು ಹಳ್ಳಿಯದು ಜಾಗೀರದಾರರ ದಫ್ತರದಲ್ಲಿತ್ತು. 1949ರಲ್ಲಿ ಜಾಗೀರು ರದ್ದಾದಾಗ ಸರಕಾರದ ಕೈಗೆ ಎಲ್ಲವೂ ಬರಲಿಲ್ಲ. ಪಕ್ಕದ ಹಳ್ಳಿಗೆ ಇರುವ ಕಾಗದ ನಮ್ಮ ಹಳ್ಳಿಗೆ ಏಕಿಲ್ಲ ಎಂಬ ಪ್ರಶ್ನೆಗೆ ಬಹಳ ಸಲ ಉತ್ತರ ಇಲ್ಲಿದೆ.

ಎರಡನೆಯ ತೊಡಕು ಗಡಿಯದು. 1956ರ ನವೆಂಬರ್ 1ರಂದು ರಾಜ್ಯಗಳ ಮರುವಿಂಗಡಣೆಯಾದಾಗ ಬೀದರ್ ಜಿಲ್ಲೆಯ ಉದಗೀರ, ನೀಲಂಗಾ, ಅಹಮದಪುರ ಆಗಿನ ಮುಂಬಯಿ ರಾಜ್ಯಕ್ಕೆ ಹೋದವು. ಈಗ ಅವು ಲಾತೂರ ಜಿಲ್ಲೆಯಲ್ಲಿವೆ. ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ ಸೇರಿ ಈಗ ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯಲ್ಲಿವೆ. ಕಲಬುರಗಿ ಜಿಲ್ಲೆಯ ತಾಂಡೂರು, ಕೊಡಂಗಲ್ ಈಗ ವಿಕಾರಾಬಾದ್ ಜಿಲ್ಲೆಯವು. "ಜಿಲ್ಲಾ ಬೀದರ್" ಎಂದು ಪತ್ರದಲ್ಲಿದೆಯೆಂದು ಬೀದರ್ ಕಚೇರಿಯಲ್ಲೇ ಅಲೆದರೆ, ಉದಗೀರ ತಾಲೂಕಿನ ಹಳ್ಳಿಯ ಪಹಣಿ ಎಂದೂ ಸಿಗದು. ಯಾದಗಿರಿ ಜಿಲ್ಲೆ ಆದದ್ದು 2009–10ರಲ್ಲಿ. ಅದಕ್ಕಿಂತ ಹಳೆಯ ಜಿಲ್ಲಾ ಮಟ್ಟದ ಕಡತಗಳ ಜಾಡು ಕಲಬುರಗಿಯಿಂದ ಹಿಡಿಯಬೇಕು.

ಮೊದಲು ಕೇಳಬೇಕಾದ ಕಾಗದ 1954–55ರ ಖಾಸ್ರಾ ಪಹಣಿ. ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಊರು, ಸರ್ವೆ ನಂಬರು, ವರ್ಷ ಬರೆದು ನಕಲಿಗೆ ಅರ್ಜಿ ಹಾಕಬೇಕು. ಭೂ ಸುರಕ್ಷಾ ಯೋಜನೆಯಲ್ಲಿ ತಾಲೂಕು ಕಚೇರಿಗಳ ಹಳೆಯ ಕಡತಗಳ ಸ್ಕ್ಯಾನಿಂಗ್ ನಡೆದಿದೆ, ಹಾಗಾಗಿ ಸ್ಕ್ಯಾನ್ ಪ್ರತಿ ಇದೆಯೇ ಎಂದೂ ವಿಚಾರಿಸಿ. ಇಂದಿನ ಸರ್ವೆ ನಂಬರಿಗೂ ಹಳೆಯದಕ್ಕೂ ತಾಳೆ ಬೀಳದಿದ್ದರೆ ಸೇತ್ವಾರ್ ಕೇಳಬೇಕು; ಸೆಟಲ್‌ಮೆಂಟಿನ ನಂಬರು, ಪಟ್ಟೇದಾರ ಅದರಲ್ಲಿ ಇರುತ್ತದೆ. ಖಾಸ್ರಾ ಪಹಣಿಯಲ್ಲಿ ಪಟ್ಟೇದಾರ ಅಂದರೆ ಪಟ್ಟಾ ಯಾರ ಹೆಸರಿಗಿದೆಯೋ ಅವನು, ಖಾಬಿಜ್ ಅಂದರೆ ಕಬ್ಜಾದಲ್ಲಿದ್ದವನು, ಶಿಕ್ಮಿದಾರ ಎಂಬ ಹೆಸರುಗಳು ಬರುತ್ತವೆ. ಪಟ್ಟೇದಾರನ ಜೊತೆ ಮೊದಲಿನಿಂದಲೂ ಜಮೀನಿನಲ್ಲಿ ಹಕ್ಕಿದ್ದವನು ಶಿಕ್ಮಿದಾರ. ಬಹಳ ಸಲ ಅವನು ತಮ್ಮನೋ ಚಿಕ್ಕಪ್ಪನ ಮಗನೋ ಆಗಿರುತ್ತಾನೆ. ಪಟ್ಟಾ ಹಿರಿಯಣ್ಣನ ಹೆಸರಿಗಿದ್ದ ಕಾರಣಕ್ಕೆ ತಮ್ಮಂದಿರ ಕವಲು ವಂಶಾವಳಿಯಿಂದಲೇ ಬಿಟ್ಟುಹೋದ ಮನೆಗಳಿಗೆ ಈ ಕಲಂ ದೊಡ್ಡ ಉಪಕಾರ.

ಪಹಣಿಗಿಂತಲೂ ಬೆಲೆಯುಳ್ಳದ್ದು ವಿರಾಸತ್ ಕಡತ. ಪಟೇಲ, ಪಟವಾರಿ ವತನ ಅಥವಾ ಇನಾಮು ತಂದೆಯಿಂದ ಮಗನಿಗೆ ಇಳಿಯುವಾಗ ವಾರಸುದಾರಿಕೆ ತೋರಿಸಬೇಕಿತ್ತು. ಅದಕ್ಕಾಗಿ ಶಜರಾ, ಅಂದರೆ ವಂಶದ ಗಿಡ, ಬರೆದು ಹಚ್ಚುತ್ತಿದ್ದರು. ಇನಾಮಿನ ವಿಚಾರಣೆ ಮುಗಿದ ಮೇಲೆ ಕೊಡುತ್ತಿದ್ದ ಮುಂತಖಬ್ ಎಂಬ ಪತ್ರದಲ್ಲಿ ಪಾಲುದಾರರ ಹೆಸರಿರುತ್ತದೆ. 1961ರ ಕಾಯ್ದೆಯಿಂದ ಗ್ರಾಮ ವತನಗಳು ರದ್ದಾಗಿ ಜಮೀನು ಮರುಮಂಜೂರಾದಾಗಲೂ ಮನೆತನಗಳು ವಂಶಾವಳಿ ಕೊಟ್ಟಿವೆ; ಆ ಕಡತ ತಹಶೀಲ್ದಾರ್ ಕಚೇರಿಯದು. ನಿಜಾಮರ ಆಡಳಿತದ ಮೇಲ್ಮಟ್ಟದ ಕಡತಗಳಿಗೆ ಹೈದರಾಬಾದಿನ ತಾರ್ನಾಕದಲ್ಲಿರುವ ತೆಲಂಗಾಣ ರಾಜ್ಯ ಪತ್ರಾಗಾರಕ್ಕೆ ಹೋಗಬೇಕು. ಅಲ್ಲಿಗೆ ಬರಿಗೈಯಲ್ಲಿ ಹೋದರೆ ದಿನ ಹಾಳು. ಊರು, ಆಗಿನ ತಾಲೂಕು–ಜಿಲ್ಲೆ, ನಿಜಾಮರ ಆಡಳಿತದ ಫಸಲಿ ವರ್ಷ, ಇನಾಮಿನ ಬಗೆ ಇಷ್ಟಾದರೂ ಬರೆದುಕೊಂಡು ಹೋಗಿ.

ಭೂಮಿಯೇ ಇಲ್ಲದ ಮನೆಗಳಿಗೆ ಈ ದಾರಿ ಕಿರಿದು, ಅದನ್ನು ಮುಚ್ಚಿಡಬಾರದು. ಅವರಿಗೆ ಶಾಲೆಯ ದಾಖಲಾತಿ ವಹಿ, ಮಿಲ್ಲು–ರೈಲ್ವೆಯ ನೌಕರಿ ಪುಸ್ತಕ, ಹಳೆಯ ಮತದಾರರ ಪಟ್ಟಿ, ಬಾಯಿಮಾತು ಇವೇ ಆಧಾರ. ಅದರಲ್ಲೂ ಲಂಬಾಣಿಗರ ವಸತಿಗಳಾದ ತಾಂಡಾಗಳ ಹೆಸರು ಕಂದಾಯ ಪುಸ್ತಕದಲ್ಲಿ ಇರಲೇ ಇಲ್ಲ, ಪಕ್ಕದ ಊರಿನ ಲೆಕ್ಕಕ್ಕೆ ಸೇರುತ್ತಿದ್ದವು. 2023ರ ಜನವರಿಯಲ್ಲಿ ಮಳಖೇಡದಲ್ಲಿ ಹಕ್ಕುಪತ್ರ ಹಂಚಿದ್ದು ಇಂಥ ವಸತಿಗಳನ್ನು ಕಂದಾಯ ಗ್ರಾಮ ಮಾಡಿದ ಮೇಲೆಯೇ. ತಾಂಡಾದ ಹಿರಿಯರ ಕಾಗದ ಬೇಕಿದ್ದರೆ ಅದು ಆಗ ಯಾವ ಊರಿನ ಸರಹದ್ದಿನಲ್ಲಿತ್ತು ಎಂದು ತಿಳಿದು ಆ ಊರಿನ ಹೆಸರಲ್ಲಿ ಕೇಳಬೇಕು.

ಉರ್ದು ಓದುವಾಗ ಆಗುವ ತಪ್ಪು

ಸಂಸ್ಥಾನದ ಆಡಳಿತ ಭಾಷೆ ಮೊದಲು ಪಾರಸಿ, 1880ರ ದಶಕದಿಂದ ಉರ್ದು. ಬಸವಕಲ್ಯಾಣ, ಭಾಲ್ಕಿ, ಔರಾದ್ ಕಡೆ ಮೋಡಿ ಎಂಬ ಹಳೆಯ ಓಟದ ಲಿಪಿಯ ಮರಾಠಿಯೂ ಬರುತ್ತದೆ. ಉರ್ದು ಬಲ್ಲ ಎಲ್ಲರಿಗೂ ಹಳೆಯ ಕಡತ ಓದಲು ಬಾರದು. ಅದು ಶಿಕಸ್ತಾ ಎಂಬ ಓಟದ ಬರಹ, ಚುಕ್ಕೆಗಳನ್ನು ಬಿಟ್ಟು ಅಕ್ಷರ ಕೂಡಿಸಿ ಎಳೆದಿರುತ್ತಾರೆ. ಲೆಕ್ಕದ ಅಂಕಿಗಳು ರಖಮ್ ಎಂಬ ಬೇರೆಯೇ ಗುರುತಿನಲ್ಲಿರುತ್ತವೆ. ಕೋರ್ಟಿನಲ್ಲಿ ಹಳೆಯ ಪತ್ರ ಓದಿ ಪಳಗಿದವರನ್ನು ಹುಡುಕಿ.

ಹೆಸರು ತಪ್ಪಾಗಿ ಓದುವುದಕ್ಕೆ ಲಿಪಿಯೇ ಕಾರಣ. ಉರ್ದುವಿನಲ್ಲಿ ಹ್ರಸ್ವ ಸ್ವರ ಬರೆಯುವುದಿಲ್ಲ, ಒತ್ತಿನ ಗುರುತು ಹಾಕುವುದು ಅಪರೂಪ. ಊ, ಓ, ಔ ಮೂರಕ್ಕೂ ಒಂದೇ ಅಕ್ಷರ. ಳ, ಣ ಇಲ್ಲವೇ ಇಲ್ಲ. ಹೀಗಾಗಿ ಮೋನಪ್ಪ, ಮೌನಪ್ಪ ಕಾಗದದ ಮೇಲೆ ಒಂದೇ. ಸಿದ್ದಪ್ಪನನ್ನು ಸದಪಾ ಎಂದೂ ಓದಬಹುದು. 1950ರ ದಶಕದ ನಂತರ ಕನ್ನಡಕ್ಕೆ ಇಳಿಸುವಾಗ ಬರೆದವರು ತಮಗೆ ತೋಚಿದ ಸ್ವರ ಹಚ್ಚಿದ್ದಾರೆ. ಪಹಣಿಯ ಕನ್ನಡ ಹೆಸರು ಮನೆಯ ಹೆಸರಿಗೆ ಕೂಡದಿದ್ದರೆ, ಅದನ್ನು ಮತ್ತೆ ಉರ್ದುವಿನಲ್ಲಿ ಬರೆಸಿ ಬೇರೆ ಯಾವ ರೀತಿ ಓದಬಹುದು ಎಂದು ನೋಡಬೇಕು. ಬೇರೆ ಮನುಷ್ಯ ಎಂದು ತಳ್ಳಿದವನು ಅಜ್ಜನೇ ಆಗಿರಬಹುದು.

ಕೆಲವು ಪದ ಬಾಯಿಪಾಠ ಇರಲಿ. ವಲ್ದ್ ಅಂದರೆ ಇಂಥವರ ಮಗ. ಜೌಜೆ, ಇಂಥವರ ಹೆಂಡತಿ. ಬೇವಾ, ವಿಧವೆ. ಮುತಬನ್ನಾ, ದತ್ತು ಮಗ. ಫೌತ್, ತೀರಿಕೊಂಡಿದ್ದಾರೆ. ಮುತಬನ್ನಾ ಪದ ಕಣ್ತಪ್ಪಿದರೆ ಮುಂದಿನ ಇಡೀ ಕವಲು ತಪ್ಪು ಗಿಡಕ್ಕೆ ಕೂರುತ್ತದೆ: ದತ್ತು ಹೋದವನಿಗೆ ಒಂದು ಪತ್ರದಲ್ಲಿ ಹೆತ್ತ ತಂದೆಯ ಹೆಸರು, ಇನ್ನೊಂದರಲ್ಲಿ ಸಾಕಿದ ತಂದೆಯದು. ಎರಡೂ ನಿಜ, ಎರಡನ್ನೂ ಬರೆಯಬೇಕು.

ಇನ್ನು ವರ್ಷ. ಹೈದರಾಬಾದಿನ ಫಸಲಿ ವರ್ಷ ಅಕ್ಟೋಬರ್ ಮೊದಲ ವಾರದಲ್ಲಿ ಆಜುರ್ ತಿಂಗಳಿನಿಂದ ಶುರುವಾಗುತ್ತಿತ್ತು. ಅಕ್ಟೋಬರಿನಿಂದ ಡಿಸೆಂಬರ್ ಕೊನೆಯವರೆಗಿನ ದಿನಕ್ಕೆ ಫಸಲಿಗೆ 590 ಕೂಡಿಸಿ, ಜನವರಿಯ ನಂತರ 591. ಆಜುರ್, ದೈ, ಬಹಮನ್ ಮೊದಲ ಮೂರು ತಿಂಗಳು. ಮುಂದೆ ಇಸ್ಫಂದಾರ್, ಫರ್ವರ್ದಿ, ಅರ್ದಿಬಿಹಿಷ್ತ್, ಖುರ್ದಾದ್, ತೀರ್, ಅಮರ್ದಾದ್, ಶಹರೆವಾರ್, ಮೆಹ್ರ್, ಆಬಾನ್. ತೀರ್ 1341 ಫಸಲಿ ಅಂದರೆ ಸುಮಾರು 1932ರ ಮೇ. ದೊಡ್ಡ ಎಡವಟ್ಟಾಗುವುದು ಫಸಲಿಯನ್ನು ಹಿಜರಿ ಎಂದು ಓದಿದಾಗ. 1343 ಫಸಲಿ 1933–34ಕ್ಕೆ ಬೀಳುತ್ತದೆ, 1343 ಹಿಜರಿ 1924–25ಕ್ಕೆ. ಒಂಬತ್ತು ವರ್ಷದ ಅಂತರ! ಹಿಜರಿ ಚಾಂದ್ರಮಾನದ್ದು, ವರ್ಷಕ್ಕೆ 354 ದಿನ; ಒಂದೇ ಅಂಕಿ ಕೂಡಿಸಿ ಇಸವಿ ಮಾಡಲಾಗದು, ಪಟ್ಟಿ ನೋಡಲೇಬೇಕು. ಕನ್ನಡ, ಮರಾಠಿ ಪತ್ರಗಳಲ್ಲಿ ಶಕ ವರ್ಷವಿದ್ದರೆ 78 ಕೂಡಿಸಿ, ವರ್ಷದ ಕೊನೆಯ ಪುಷ್ಯ, ಮಾಘ, ಫಾಲ್ಗುಣಗಳಿಗೆ ಹೆಚ್ಚಾಗಿ 79. ಸಂವತ್ಸರದ ಹೆಸರು ಮಾತ್ರ ಇದ್ದರೆ 60 ವರ್ಷದ ಗೊಂದಲ: ಧಾತು ಎಂದರೆ 1876–77ಕ್ಕೂ ಬಂತು, 1936–37ಕ್ಕೂ ಬಂತು. "ಧಾತು ಬರದಾಗ ಬಂದ್ವಿ" ಎಂದರೆ ಬರದ ನೆನಪೇ ಯಾವುದೆಂದು ತೀರ್ಮಾನಿಸುತ್ತದೆ. "ಧಾತು ಸಂವತ್ಸರದಾಗ ಮನಿ ಕಟ್ಟಿದ್ದು" ಎಂಬ ಮಾತಿಗೆ ಇನ್ನೊಂದು ಆಧಾರ ಬೇಕು.

ವಂಶ ಹೇಳುವವರು, ಬರೆದಿಡುವವರು

ಉತ್ತರ ಕರ್ನಾಟಕಕ್ಕೆ ಹೆಳವರು ದೊಡ್ಡ ಆಸ್ತಿ. ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತ, ಸುಗ್ಗಿಯ ನಂತರ ಬಂದು ಮನೆತನದ ಹಿರಿಯರನ್ನು ಹೆಸರಿಟ್ಟು ಹಾಡುವವರು. ಅವರ ಬಳಿ ಬರೆದ ಪುಸ್ತಕವೂ ಇರುತ್ತದೆ. ಅವರಿಗೆ ಮನೆಗಳು ವಂಶದ ಲೆಕ್ಕದಲ್ಲಿ ಹಂಚಿಕೆಯಾಗಿರುವುದರಿಂದ, ನೀವು ಊರು ಬಿಟ್ಟರೂ ನಿಮ್ಮ ಹೆಳವರು ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ. ಮೂಲ ಊರು ಯಾವುದು, ಅಲ್ಲಿಂದ ಎಷ್ಟು ಮನೆ ಎಲ್ಲೆಲ್ಲಿಗೆ ಒಡೆದು ಹೋದವು ಎಂಬುದೇ ಅವರು ಹೇಳುವ ಮುಖ್ಯ ಸಂಗತಿ. ಬಂದಾಗ ಕಾಳು, ಬಟ್ಟೆ, ಕಾಣಿಕೆ ಗೌರವದಿಂದ ಕೊಟ್ಟು ಪೂರ್ತಿ ಹಾಡಿಸಿ ರೆಕಾರ್ಡ್ ಮಾಡಿಕೊಳ್ಳಿ. ಒಪ್ಪಿಗೆ ಕೇಳಿ ಪುಟದ ಫೋಟೊ ತೆಗೆದುಕೊಳ್ಳಿ. ಹಾಡಿನ ಮೊದಲ ಭಾಗ ಜಾತಿಗೆಲ್ಲ ಸೇರಿದ ಹೊಗಳಿಕೆ ಮತ್ತು ಪುರಾಣ, ಅದರಿಂದ ನಿಮ್ಮ ಮನೆಯ ತಲೆಗಳನ್ನು ಎಣಿಸಬೇಡಿ. ಹೆಣ್ಣುಮಕ್ಕಳ ಹೆಸರು ಕಡಿಮೆ. ಅವರು ಬರಲಾಗದ ವರ್ಷಗಳಲ್ಲಿ ಹುಟ್ಟಿ ತೀರಿಹೋದ ಮಕ್ಕಳು ಪುಸ್ತಕಕ್ಕೆ ಬಂದಿರುವುದಿಲ್ಲ. ಒಂದು ಒಳ್ಳೆಯ ಉಪಾಯವೆಂದರೆ, ಬೇರೆ ಊರಿನ ದಾಯಾದಿಗಳ ಮನೆಯಲ್ಲಿ ಅದೇ ಹೆಳವರು ಏನು ಓದಿದರು ಎಂದು ಕೇಳಿ ತಾಳೆ ನೋಡುವುದು.

ಲಂಬಾಣಿಗರಿಗೆ ಢಾಡಿ, ಭಾಟರು ಈ ಕೆಲಸ ಮಾಡುತ್ತಾರೆ. ರಾಠೋಡ, ಚವ್ಹಾಣ, ಪವಾರ, ಜಾಧವ ಬಹಳ ದೊಡ್ಡ ಗುಂಪುಗಳು, ಅದರೊಳಗಿನ ಪಾಡಾ, ಅಂದರೆ ಒಳಗುಂಪು, ಕೇಳದೆ ಮುಂದೆ ಹೋಗಲಾಗದು. ಗಡಿಯಾಚೆ ತೆಲಂಗಾಣದಲ್ಲಿ ರಾಠೋಡರ ಬಳಗದವರು ಭೂಕ್ಯಾ ಎಂದು ಬರೆಸಿರುವುದುಂಟು. ತಾಂಡೂರು ಕಡೆಯ ಅಣ್ಣತಮ್ಮಂದಿರನ್ನು ಹುಡುಕುವಾಗ ಇದು ನೆನಪಿರಲಿ.

ಗಯಾ, ಕಾಶಿ, ಪ್ರಯಾಗ, ತ್ರ್ಯಂಬಕೇಶ್ವರಕ್ಕೆ ಹಿರಿಯರು ಹೋಗಿದ್ದರೆ ಅಲ್ಲಿನ ತೀರ್ಥಪುರೋಹಿತರ ವಹಿಯಲ್ಲಿ ಹೆಸರು, ತಂದೆ, ಅಜ್ಜ, ಅಣ್ಣತಮ್ಮಂದಿರು, ಊರು, ತಿಥಿ ಬರೆದಿರುತ್ತದೆ. ಕೇಳುವಾಗ ಇಂದಿನ ವಿಳಾಸ ಹೇಳಬೇಡಿ. ಆಗಿನ ಊರು, ಆಗಿನ ತಾಲೂಕು, "ನಿಜಾಮ ಇಲಾಖೆ" ಎಂದು ಹೇಳಿ, ಜಾತಿ ಮತ್ತು ಅಡ್ಡಹೆಸರಿನ ಎರಡು ಮೂರು ರೂಪ ಕೊಡಿ. ಪುರೋಹಿತರು ಓದಿ ಹೇಳಿದ್ದನ್ನಷ್ಟೇ ಬರೆದುಕೊಂಡು ಬರಬೇಡಿ. ಜೊತೆಗೆ ಬಂದವರ ಹೆಸರು, ತಿಥಿ, ಸಹಿ ಸೇರಿ ಇಡೀ ನಮೂದಿನ ಚಿತ್ರ ಬೇಕು.

ಮುಸ್ಲಿಂ ಮನೆತನಗಳಲ್ಲಿ ಶಜರಾ ಇರುವುದು ಸಾಮಾನ್ಯ. ಹೊರಗಿನಿಂದ ಬಂದ ಹಿರಿಯರ ನೆನಪು ಈ ನೆಲದಲ್ಲಿ ಬಹಳ ಹಳೆಯದು: ಖ್ವಾಜಾ ಬಂದೇನವಾಜರು ದೆಹಲಿ ಬಿಟ್ಟು ಕಲಬುರಗಿಗೆ ಬಂದು 1422ರಲ್ಲಿ ಇಲ್ಲಿಯೇ ತೀರಿಕೊಂಡರು, ಇರಾನಿನ ಕಿರ್ಮಾನಿನ ಶಾ ನಿಅಮತುಲ್ಲಾರ ಮಗ ಖಲೀಲುಲ್ಲಾ ಬಹಮನಿಗಳ ಕಾಲದಲ್ಲಿ ಬೀದರಿಗೆ ಬಂದರು, ಅವರ ಸಮಾಧಿಯಾದ ಚೌಖಂಡಿ ಅಷ್ಟೂರಿನ ದಾರಿಯಲ್ಲಿದೆ. ಶಜರಾ ಓದುವಾಗ ಮೊದಲು ತಿಳಿಯಬೇಕಾದದ್ದು ಅದು ನಸಬ್‌ನದೋ ತರೀಖತ್‌ನದೋ ಎಂಬುದು. ನಸಬ್ ರಕ್ತದ ಸಾಲು, ತರೀಖತ್ ಗುರು–ಶಿಷ್ಯರ ಸಾಲು. ಎರಡನೆಯದನ್ನು ಮೊದಲನೆಯದೆಂದು ಓದಿ ಗುರುವಾದ ಮುರ್ಶಿದರನ್ನು ಅಜ್ಜನನ್ನಾಗಿ ಮಾಡಿದ ವಂಶಾವಳಿ ತಪ್ಪು ದಾರಿ ಹಿಡಿಯುತ್ತದೆ. ವೀರಶೈವ ಮಠಗಳ ಪರಂಪರೆಯಲ್ಲೂ ಇದೇ ಭೇದವಿದೆ: ಪುತ್ರವರ್ಗದ ಮಠದಲ್ಲಿ ಪಟ್ಟ ಮಗನಿಗೆ ಇಳಿಯುತ್ತದೆ, ಶಿಷ್ಯವರ್ಗದಲ್ಲಿ ಶಿಷ್ಯನಿಗೆ. ಮದುವೆಗಳಿಗೆ ಖಾಜಿಯ ದಫ್ತರ, ಬೀದರ್ ಸೀಮೆಯ ಮೆಥೋಡಿಸ್ಟ್ ಕುಟುಂಬಗಳಿಗೆ ಸಭೆಯ ದೀಕ್ಷಾಸ್ನಾನದ ಪುಸ್ತಕ ನೋಡಬೇಕು.

ಅಚ್ಚಾದ ವಂಶಾವಳಿಯನ್ನು ಎಷ್ಟು ನಂಬಬೇಕು

ಮರಾಠಿಯಲ್ಲಿ ಕುಲವೃತ್ತಾಂತ ಎಂಬ ಪುಸ್ತಕಗಳ ಪ್ರಕಾರವೇ ಇದೆ, ಬೀದರ್ ಜಿಲ್ಲೆಯ ಎಷ್ಟೋ ಮನೆತನಗಳ ಕವಲು ಅವುಗಳಲ್ಲಿ ಸಿಗಬಹುದು. ಕನ್ನಡದಲ್ಲಿ ಮನೆತನದ ಸ್ಮರಣ ಸಂಚಿಕೆ, ಷಷ್ಟ್ಯಬ್ದಿಯ ಪುಸ್ತಕ, ಮಡಚಿಟ್ಟ ದೊಡ್ಡ ವಂಶವೃಕ್ಷದ ಹಾಳೆ ಕಾಣುತ್ತೇವೆ. ಅಚ್ಚಾಗಿದೆ ಎಂದ ಮಾತ್ರಕ್ಕೆ ನಿಜವಾಗುವುದಿಲ್ಲ. ಪುಸ್ತಕವನ್ನು ಕೆಳಗಿನಿಂದ ಮೇಲಕ್ಕೆ ಓದಿ: ಕೊನೆಯ ನಾಲ್ಕೈದು ತಲೆಮಾರು ಬರೆದವರಿಗೆ ಕಂಡು ಕೇಳಿ ಗೊತ್ತಿದ್ದದ್ದು, ಅದು ಗಟ್ಟಿ. ಅದರ ಮೇಲೆ ಆಧಾರ ಹೇಳಿದ್ದಾರೆಯೇ, ಯಾವ ಪತ್ರ, ಯಾವ ವರ್ಷ ಎಂದು ನೋಡಬೇಕು. ಮೂರು ಪುಸ್ತಕ ಒಂದೇ ಮಾತು ಹೇಳಿದರೂ ಎರಡು ಪುಸ್ತಕ ಮೊದಲನೆಯದನ್ನೇ ನಕಲು ಮಾಡಿದ್ದರೆ ಸಾಕ್ಷಿ ಒಂದೇ. ಮೊದಲ ಪುಸ್ತಕದ ಅಚ್ಚಿನ ತಪ್ಪು ಉಳಿದೆರಡರಲ್ಲೂ ಹಾಗೇ ಬಂದಿದ್ದರೆ ನಕಲು ಎಂದು ಗೊತ್ತಾಗಿಬಿಡುತ್ತದೆ.

ತಲೆಮಾರಿನ ಲೆಕ್ಕ ಹಾಕುವುದು ಸುಲಭದ ಪರೀಕ್ಷೆ. ತಂದೆಗೂ ಮಗನಿಗೂ ಸರಾಸರಿ 25ರಿಂದ 30 ವರ್ಷ ಅಂತರ. ಕಲ್ಯಾಣದ ಶರಣರ ಕಾಲ, ಅಂದರೆ 1160ರ ದಶಕದಿಂದ ಇಂದಿಗೆ ಸುಮಾರು 860 ವರ್ಷ; 27ರಿಂದ ಭಾಗಿಸಿದರೆ 32 ತಲೆ ಬೇಕು. ಶರಣರೊಬ್ಬರಿಂದ ಶುರುವಾಗುವ ಪುಸ್ತಕದಲ್ಲಿ 11 ತಲೆ ಮಾತ್ರ ಇದ್ದರೆ ನಡುವೆ ಇಪ್ಪತ್ತರಷ್ಟು ಹೆಸರು ಇಲ್ಲ ಎಂದಾಯಿತು. ಶರಣರ ಮೇಲಿನ ಭಕ್ತಿ ನಿಜ, ಆ ಸಂಬಂಧ ಮನೆತನದ ನಂಬಿಕೆಯಾಗಿ ಪುಸ್ತಕದಲ್ಲಿ ಇರಲಿ. ಗೆರೆ ಎಳೆದು ಅಪ್ಪ–ಮಗ ಎಂದು ಜೋಡಿಸಬಾರದು.

ಹತ್ತಿರದ ತಲೆಗಳಲ್ಲಿ ತಪ್ಪಾಗುವುದು ಹೆಚ್ಚಾಗಿ ಹೆಸರು ಮರುಕಳಿಸುವುದರಿಂದ. ಮೊಮ್ಮಗನಿಗೆ ಅಜ್ಜನ ಹೆಸರು ಇಡುವ ನಮ್ಮಲ್ಲಿ ಬಸಪ್ಪನ ಮಗ ಶರಣಪ್ಪ, ಅವನ ಮಗ ಬಸಪ್ಪ, ಅವನ ಮಗ ಶರಣಪ್ಪ ಎಂದು ಸಾಲು ಹೋಗುತ್ತದೆ. "ಶರಣಪ್ಪ ತಂದೆ ಬಸಪ್ಪ" ಎಂಬ ಎರಡು ಪತ್ರ ಸಿಕ್ಕಾಗ ಒಬ್ಬನೇ ಎಂದುಕೊಂಡರೆ ಎರಡು ತಲೆಮಾರು ಮಾಯ. ಇಬ್ಬರ ನಡುವೆ 50–60 ವರ್ಷ ಅಂತರವಿದ್ದರೆ ಬೇರೆಯವರೇ ಇರಬಹುದು. ಒಬ್ಬನೇ ಎನ್ನಲು ಹೆಸರು, ತಂದೆಯ ಹೆಸರು ಸಾಲದು. ಹೆಂಡತಿಯ ಹೆಸರು, ಸರ್ವೆ ನಂಬರು, ಸಹಿ, ಅಣ್ಣತಮ್ಮಂದಿರು ಇವುಗಳಲ್ಲಿ ಕನಿಷ್ಠ ಎರಡಾದರೂ ಕೂಡಬೇಕು. ವಲಸೆ ಬಂದವನ ವಿಷಯದಲ್ಲಿ ಇನ್ನೂ ಒಂದು ಕೇಳಬೇಕು: ಹಳೆಯ ಊರಿನಲ್ಲಿ ಆ ಹೆಸರಿನವನು ಆ ವರ್ಷದ ನಂತರ ಕಾಗದದಿಂದ ಮರೆಯಾಗಿದ್ದಾನೆಯೇ? ಅಲ್ಲಿಯೂ ಬಾಳಿ, ಮಕ್ಕಳಿಗೆ ಜಮೀನು ಬಿಟ್ಟು ತೀರಿಹೋಗಿದ್ದರೆ, ಅವನು ನಿಮ್ಮವನಲ್ಲ. ಡಿಎನ್‌ಎ ಪರೀಕ್ಷೆ ಇಲ್ಲಿ ಕೈಹಿಡಿಯುವುದು ಕಡಿಮೆ. ತಲೆತಲಾಂತರ ಒಳಗೊಳಗೇ ಸಂಬಂಧ ಬೆಳೆಸಿದ ಬಳಗದಲ್ಲಿ ದೂರದವರೂ ಹತ್ತಿರದವರಂತೆ ಕಾಣುತ್ತಾರೆ, ಊರಿನ ಹೆಸರನ್ನಂತೂ ಅದು ಹೇಳದು.

ನಾಡಕಚೇರಿಯಲ್ಲಿ ಸಿಗುವ ವಂಶವೃಕ್ಷ ದೃಢೀಕರಣ ಪತ್ರ ಬೇರೆಯೇ ವಸ್ತು. ವಾರಸಾ ಬದಲಾವಣೆಗೆ ಬೇಕಾದಷ್ಟು ತಲೆ ಮಾತ್ರ ಅದರಲ್ಲಿರುತ್ತದೆ, ಅರ್ಜಿದಾರನ ಪ್ರಮಾಣಪತ್ರವೇ ಅದಕ್ಕೆ ಬುಡ. ಹೆಣ್ಣುಮಕ್ಕಳನ್ನು ಬಿಟ್ಟು ಮಾಡಿಸಿದ ಉದಾಹರಣೆಗಳೂ ಇವೆ. ನ್ಯಾಯಾಲಯದಲ್ಲಿ ಹಳೆಯ ವಂಶಾವಳಿಗೆ ಬೆಲೆಯಿದೆ, ಆದರೆ ಶರತ್ತಿನ ಮೇಲೆ. ಭಾರತೀಯ ಸಾಕ್ಷ್ಯ ಅಧಿನಿಯಮದ 26ನೇ ಕಲಮಿನಂತೆ, ತೀರಿಹೋದವರು ಬರೆದಿಟ್ಟ ವಂಶಾವಳಿ, ಮನೆತನದ ಪತ್ರ, ಸಮಾಧಿಯ ಕಲ್ಲಿನ ಬರಹ ಸಂಬಂಧಕ್ಕೆ ಸಾಕ್ಷಿಯಾಗಬಹುದು. ಅದು ತಕರಾರು ಏಳುವ ಮೊದಲು ಬರೆದದ್ದಾಗಿರಬೇಕು. ಹಾಗಾಗಿ ಬರೆದ ಪ್ರತಿ ಹಾಳೆಯ ಕೆಳಗೆ ಯಾರು, ಯಾವ ದಿನ, ಯಾರ ಬಾಯಿಂದ ಕೇಳಿ ಬರೆದದ್ದು ಎಂದು ಸಹಿ ಸಮೇತ ನಮೂದಿಸಿ.

ಅಚ್ಚಿಗೆ ಕೊಡುವ ಮುಂಚೆ

ಸಂಖ್ಯೆ ಇಲ್ಲದ ಗಿಡ ನಾಲ್ಕನೆಯ ತಲೆಗೆ ಗೋಜಲಾಗುತ್ತದೆ. ಮೂಲ ಪುರುಷನಿಗೆ 1, ಮಕ್ಕಳಿಗೆ ಹುಟ್ಟಿದ ಕ್ರಮದಲ್ಲಿ 1.1, 1.2, ಎರಡನೆಯವನ ಮೊದಲ ಮಗುವಿಗೆ 1.2.1. ಹೆಣ್ಣು ಗಂಡು ಎನ್ನದೆ ಒಂದೇ ಕ್ರಮ. ಅಕ್ಕನ ಮಗಳನ್ನು, ಸೋದರಮಾವನ ಮಗಳನ್ನು ತಂದ ಕಡೆ ಒಬ್ಬಳೇ ಹೆಣ್ಣುಮಗಳು ಮಗಳಾಗಿ ಒಂದು ಕಡೆ, ಸೊಸೆಯಾಗಿ ಇನ್ನೊಂದು ಕಡೆ ಬರುತ್ತಾಳೆ. ಹುಟ್ಟಿನ ಸಂಖ್ಯೆಯನ್ನೇ ಎರಡೂ ಕಡೆ ಬರೆದರೆ ಒಬ್ಬಳು ಇಬ್ಬರಾಗುವುದಿಲ್ಲ. ಪತ್ರದ ಆಧಾರ ಇರುವ ಕೊಂಡಿಗೆ ಗಟ್ಟಿ ಗೆರೆ, ಬಾಯಿಮಾತಿನದಕ್ಕೆ ಚುಕ್ಕೆ ಗೆರೆ ಎಳೆಯಿರಿ. ಬದುಕಿರುವವರ ಜನ್ಮದಿನಾಂಕ, ಆಧಾರ್, ಫೋನ್ ನಂಬರು ಪುಸ್ತಕದಲ್ಲಿ ಬೇಡ. ದತ್ತು, ಎರಡನೆಯ ಮದುವೆ, ಮನೆ ಬಿಟ್ಟು ಹೋದವರ ಸಂಗತಿ ಬರೆಯುವ ಮುಂಚೆ ಆ ಕವಲಿನವರನ್ನು ಕೇಳಿ.

ಮೊದಲೇ 500 ಪ್ರತಿ ಅಚ್ಚು ಹಾಕಿಸಬೇಡಿ. 20–25 ಪ್ರತಿ ಜೆರಾಕ್ಸ್ ಮಾಡಿಸಿ, ಬಲಗಡೆ ಪುಟ ಖಾಲಿ ಬಿಟ್ಟು, ದೊಡ್ಡ ಅಕ್ಷರದಲ್ಲಿ, ಊರ ಜಾತ್ರೆಗೋ ಮನೆಯ ಮದುವೆಗೋ ಎಲ್ಲ ಕವಲಿನವರು ಸೇರಿದಾಗ ಹಂಚಿ ಪೆನ್ನು ಕೊಡಿ. ಆರು ತಿಂಗಳು ತಿದ್ದುಪಡಿ ಬರಲಿ. ಅಚ್ಚಾದ ಮೇಲೆ ಬಿಟ್ಟು ಬಂದ ಊರಿನ ಗ್ರಂಥಾಲಯಕ್ಕೆ ಒಂದು, ಈಗಿನ ಊರಿನದಕ್ಕೆ ಒಂದು ಪ್ರತಿ ಕೊಡಿ. ಇನ್ನೊಂದನ್ನು ನಿಮ್ಮ ಹೆಳವರು ಮುಂದಿನ ಸಲ ಬಂದಾಗ ಕಾಣಿಕೆಯ ಜೊತೆ ಅವರ ಕೈಗಿಡಿ. ಕೊನೆಗೆ ನಾಲ್ಕು ಖಾಲಿ ಹಾಳೆ ಹೊಲಿಸಿದ್ದರೆ, ಹೊಸದಾಗಿ ಹುಟ್ಟಿದವರನ್ನು ಅವರೇ ಅದರಲ್ಲಿ ಬರೆದುಕೊಳ್ಳುತ್ತಾರೆ.